ನೇತ್ರಾಣಿಗೆ ಹೊರಡುವ ಮುನ್ನ

(ಬಾನುಲಿ ಭಾಷಣದ ಪಠ್ಯ)

ಘಟ್ಟದ ಮೇಲಿನವರಾದ ನಮಗೂ ಕಡಲಿಗೂ ಇರುವ ನಂಟು ದೂರದ ಬಂಧುವಿನ ನಂಟಿನಂಥದು. ಶಿರಸಿಯ ಶಂಕರಹೊಂಡದ ಬಳಿಯಲ್ಲಿಯೂ ಮಂಜಗುಣಿಯ ಕಡೆಯಲ್ಲಿಯೂ ಹುಟ್ಟುವ ಹಳ್ಳಗಳು ಕೂಡಿ ಅಘನಾಶಿನಿಯಾಗುತ್ತವೆ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಧುಮುಕಿದ ಆ ಹೊಳೆ ಕುಮಟೆಯ ಸೀಮೆಯಲ್ಲಿ ಸಮುದ್ರವನ್ನು ಸೇರುತ್ತದೆ. ಬೇಡ್ತಿ ಹೊಳೆ ಯಲ್ಲಾಪುರದ ಮಾಗೋಡಿನಲ್ಲಿ ಬಿದ್ದು, ಕೆಳಗೆ ಗಂಗಾವಳಿಯೆಂಬ ಹೆಸರು ಪಡೆದು ಅದೇ ಸಮುದ್ರಕ್ಕೆ ಹೋಗುತ್ತದೆ. ನಮ್ಮ ನೀರು ಹೀಗೆ ದಿನವೂ ಹೋಗಿಬರುವ ಮನೆಗೆ ನಾವು ಮಾತ್ರ ಅಪರೂಪದ ಅತಿಥಿಗಳು. ಗೋಕರ್ಣಕ್ಕೆ ಪಿತೃಕಾರ್ಯಕ್ಕೆಂದೋ ಶಿವರಾತ್ರಿಗೆಂದೋ ಹೋದಾಗ ಸೊಂಟಮಟ್ಟದ ನೀರಿನಲ್ಲಿ ನಿಂತು ಮೂರು ಮುಳುಗು ಹಾಕಿ ಮರಳುವುದಕ್ಕೆ ಸಮುದ್ರಸ್ನಾನವೆಂದು ಹೆಸರು. ಅದಕ್ಕೂ ಹಿರಿಯರ ಕಟ್ಟಳೆಯಿತ್ತು: ಪರ್ವಕಾಲದ ಹೊರತು ಕಡಲನ್ನು ಮುಟ್ಟಬಾರದು.

ಇಂಥ ಮನೆತನದಲ್ಲಿ ಹುಟ್ಟಿದ ಹುಡುಗಿಯೊಬ್ಬಳು, ಯಲ್ಲಾಪುರದ ನನ್ನ ತಂಗಿಯ ಮಗಳು, ಹೋದ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದವಳು, "ಮಾವ, ನಾನು ಬೊನೇರಿಗೆ ಹೋಗಿ ಕಡಲಿನೊಳಗೆ ಇಳಿಯಬೇಕೆಂದಿದ್ದೇನೆ" ಎಂದಳು. ಬೊನೇರ್ ಎಲ್ಲಿದೆಯೆಂದು ನಾನು ಭೂಪಟ ಹುಡುಕಬೇಕಾಯಿತು. ವೆನಿಜುವೆಲಾದ ಉತ್ತರಕ್ಕೆ, ಕೆರಿಬಿಯನ್ ಸಮುದ್ರದಲ್ಲಿ, ಡಚ್ಚರ ಆಡಳಿತಕ್ಕೆ ಸೇರಿದ ಪುಟ್ಟ ದ್ವೀಪ ಅದು. ಅದರ ಸುತ್ತಲಿನ ಕಡಲನ್ನು 1979ರಲ್ಲಿಯೇ ರಕ್ಷಿತ ಉದ್ಯಾನವೆಂದು ಸಾರಿದ್ದಾರೆ. ಉಬ್ಬರದ ಗೆರೆಯಿಂದ ಹಿಡಿದು 60 ಮೀಟರ್ ಆಳದವರೆಗೂ ಅದರ ಎಲ್ಲೆ. ಮುಳುಗುವವನು ಕಾಣಿಕೆ ಸಲ್ಲಿಸಬೇಕು. ದೋಣಿಯವನು ಹವಳದ ಮೇಲೆ ಲಂಗರು ಎಸೆಯುವಂತಿಲ್ಲ, ನೆಟ್ಟ ತೇಲುಗುಂಡಿಗೇ ಹಗ್ಗ ಕಟ್ಟಬೇಕು. ಅವಳು ತಂದಿದ್ದ ಕಾಗದಗಳನ್ನೆಲ್ಲ ಓದಿ ನಾನು ಮೆಚ್ಚಿದೆ. ಮೆಚ್ಚಿದ ಮೇಲೆ, ಭೂಗೋಲವನ್ನು ಅರ್ಧ ಸುತ್ತುವ ಮೊದಲು ನಮ್ಮ ಜಿಲ್ಲೆಯ ಹವಳವನ್ನು ನೋಡಿದರೆ ಆಗದೆ ಎಂದು ಕೇಳಿದೆ. ನಮ್ಮ ಜಿಲ್ಲೆಯಲ್ಲಿ ಹವಳವಿದೆಯೆಂದು ಅವಳಿಗೆ ಗೊತ್ತಿತ್ತು. ಅಲ್ಲಿಗೆ ಮಾವನನ್ನೂ ಕರೆದೊಯ್ಯಬಹುದೆಂದು ಹೊಳೆದಿರಲಿಲ್ಲ. ಮಾತು ಮುಗಿಯುವಾಗ ಬೊನೇರ್ ಮುಂದಿನ ವರ್ಷಕ್ಕೆ ಹೋಗಿತ್ತು, ಈ ವರ್ಷಕ್ಕೆ ನೇತ್ರಾಣಿ ನಿಂತಿತ್ತು. ಸುದ್ದಿ ಸಿದ್ದಾಪುರಕ್ಕೆ ಮುಟ್ಟಿದ ಸಂಜೆಯೇ ನನ್ನ ಅಕ್ಕನ ಗಂಡ, ಅಂದರೆ ಭಾವ, ತಾವೂ ಬರುವುದಾಗಿ ಹೇಳಿಕಳಿಸಿದರು. ಅವರಿಗೆ ಈಗ 63 ವರ್ಷ.

ಭಟ್ಕಳ ತಾಲೂಕಿನ ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಪಡುವಣಕ್ಕಿದೆ ನೇತ್ರಾಣಿ. ಆಂಗ್ಲರ ನಕಾಶೆಗಳಲ್ಲಿ ಅದು ಪಾರಿವಾಳ ದ್ವೀಪ. ಕಡಿದಾದ ಬಂಡೆಯ ಅಂಚು, ಮೇಲೆ ಕಾಡು, ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡು. ಜನವಸತಿಯಿಲ್ಲ. ಆಡುಗಳಿವೆ, ಕರಾವಳಿಯ ಮೀನುಗಾರರು ಹರಕೆ ಹೊತ್ತು ಅಲ್ಲಿ ಬಿಟ್ಟುಬಂದ ಆಡುಗಳ ಸಂತಾನ. ಕೆರಿಬಿಯನ್ನಿನಂತೆ ಮೈಲಿಗಟ್ಟಲೆ ಹಬ್ಬಿದ ಹವಳದ ಗೋಡೆ ಇಲ್ಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದ್ವೀಪದ ಬುಡದ ಬಂಡೆಗಳಿಗೆ ಹವಳಗಳು ಅಲ್ಲಲ್ಲಿ ಅಂಟಿ ಬೆಳೆದಿವೆ, ಅವುಗಳ ಆಸರೆಗೆ ಬಣ್ಣಬಣ್ಣದ ಮೀನುಗಳು ಬಂದಿವೆ. ಒಮ್ಮೊಮ್ಮೆ ತಿಮಿಂಗಿಲ ಶಾರ್ಕ್ ಎಂಬ ಸಾಧುಪ್ರಾಣಿಯೂ ಕಾಣಿಸಿಕೊಳ್ಳುವುದುಂಟು. 2022ರ ಅಕ್ಟೋಬರಿನಲ್ಲಿ ತೆರೆಕಂಡ 'ಗಂಧದ ಗುಡಿ' ಚಿತ್ರದಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಪುನೀತ್ ರಾಜಕುಮಾರರು ಈ ನೀರಿನಲ್ಲಿ ಮುಳುಗಿ ಈಜುವುದನ್ನು ಕಂಡಮೇಲೆ ನಾಡಿನ ಮೂಲೆಮೂಲೆಯವರಿಗೂ ಈ ಹೆಸರು ಪರಿಚಿತವಾಯಿತು. ನೌಕಾಪಡೆಯವರು ಗುಂಡಿನ ಗುರಿ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸಿದ್ದೂ, ಮೀನುಗಾರರೂ ಪರಿಸರಪ್ರಿಯರೂ ಅದನ್ನು ವಿರೋಧಿಸಿದ್ದೂ ಅಷ್ಟು ಜನರಿಗೆ ತಿಳಿದಿಲ್ಲ. ದ್ವೀಪದ ನೆಲಕ್ಕೆ ಕಾಲಿಡುವ ವಿಚಾರ ನಮ್ಮ ಯೋಜನೆಯಲ್ಲಿಲ್ಲ.

ಯೋಜನೆಯೆಂದಕೂಡಲೆ ತಿಥಿ ಗೊತ್ತುಮಾಡಬೇಕಷ್ಟೆ. ಇಲ್ಲಿ ಮೊದಲ ತೊಡಕು ಎದುರಾಯಿತು. ಜೂನ್ ತಿಂಗಳಿನಿಂದ ಮಳೆ ನಿಲ್ಲುವತನಕ ಕಡಲಿನ ಬಾಗಿಲು ಮುಚ್ಚಿರುತ್ತದೆ. ಮಳೆ ನಿಂತಕೂಡಲೆ ನೀರು ತಿಳಿಯಾಗದು. ನಮ್ಮ ಬೆಟ್ಟಗಳ ಕೆಂಪು ಮಣ್ಣನ್ನು ಹೊಳೆಗಳು ಹೊತ್ತುತಂದು ಸುರಿದಿರುತ್ತವೆಯಲ್ಲ, ಅದು ತಂಗಬೇಕು. ನೀರು ಗಾಜಿನಂತೆ ಕಾಣುವ ಕಾಲವೆಂದರೆ ಸುಮಾರಾಗಿ ನವೆಂಬರಿನಿಂದ ಫೆಬ್ರವರಿ. ಘಟ್ಟದ ಮೇಲೆ ಕೊನೆಕೊಯ್ಲಿನ ಕಾಲವೂ ಅದೇ! ಕೊನೆಗೌಡ ಬರುವ ದಿನ ಯಜಮಾನನು ಕಡಲಿನಲ್ಲಿರುವುದೆಂದರೆ ಮದುವೆಯ ದಿನ ವರನು ಸಂತೆಯಲ್ಲಿದ್ದಂತೆ. ಕೊಯ್ಲಿನ ಬೆನ್ನಿಗೇ ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಒಣಗಿಸುವುದು. ತೋಟದವನಿಗೆ ಬಿಡುವು ಸಿಗುವ ಕಾಲದಲ್ಲಿ ಕಡಲಿಗೆ ಬಿಡುವಿಲ್ಲ. ಕಡಲು ಬಾ ಎನ್ನುವಾಗ ತೋಟ ಹೋಗಗೊಡದು. ಘಟ್ಟದ ಮೇಲಿನವರು ಕಡಲಿಗೆ ಅಪರಿಚಿತರಾಗಿ ಉಳಿದುದಕ್ಕೆ ಹಿರಿಯರ ಕಟ್ಟಳೆಗಿಂತ ಅಡಿಕೆಯ ಪಂಚಾಂಗವೇ ದೊಡ್ಡ ಕಾರಣವಿದ್ದೀತೆಂದು ನನ್ನ ಗುಮಾನಿ. ಕಡೆಗೆ ಭಾವನವರೇ ದಾರಿ ತೋರಿದರು: ಮೊದಲ ಕೊಯ್ಲು ಮುಗಿದು ಎರಡನೆಯ ಕೊಯ್ಲು ಬರುವ ನಡುವಿನ ವಾರ.

ಆ ವಾರದಲ್ಲಿ ಯಾವ ದಿನ? ಇಲ್ಲಿಯೂ ಪಂಚಾಂಗ ಬೇಕಾಯಿತು. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಉಬ್ಬರ ಇಳಿತಗಳು ಜೋರಾಗಿರುತ್ತವೆ, ನೀರಿನೊಳಗಿನ ಸೆಳೆತ ಹೆಚ್ಚು, ತಳದ ಕೆಸರು ಎದ್ದು ನೋಟ ಮಸುಕಾಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಸೂರ್ಯಚಂದ್ರರ ಎಳೆತ ಒಂದಕ್ಕೊಂದು ಅಡ್ಡವಾಗಿರುವುದರಿಂದ ಕಡಲು ತಗ್ಗಿರುತ್ತದೆ. ನಮ್ಮ ಅಜ್ಜಂದಿರು ಪರ್ವದಿನಗಳನ್ನು ಹುಡುಕಿಕೊಂಡು ಸಮುದ್ರಸ್ನಾನಕ್ಕೆ ಹೋದರು. ಸಮುದ್ರದೊಳಕ್ಕೆ ಇಳಿಯಬೇಕಾದ ನಾವು ಪರ್ವವನ್ನು ತಪ್ಪಿಸಿ ಅಷ್ಟಮಿಯನ್ನು ಆರಿಸಿಕೊಂಡೆವು. ದಂಡೆಯಲ್ಲಿ ನಿಂತು ನೋಡುವವನಿಗೆ ಈ ಭೇದ ಅಷ್ಟಾಗಿ ತಿಳಿಯದು. ಆದರೆ ದಂಡೆಯ ನೀರನ್ನೂ ಹಗುರವಾಗಿ ಎಣಿಸುವಂತಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ದಂಡೆಯ ಅಲೆಗಳಲ್ಲಿಯೇ ನೀರುಪಾಲಾದರು. ತಿಂಗಳು ನೋಡಿ: ಡಿಸೆಂಬರ್, ನಾವು ಶಾಂತವೆಂದು ಕರೆಯುವ ಕಡಲಿನ ಕಾಲ.

ಇನ್ನು ಮುಳುಗುವ ವಿದ್ಯೆ. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಪ್ರಾಣವಾಯು ಇರುತ್ತದೆಂದು ನಾನು ಮಾತನಾಡಿಸಿದವರಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಅದರಲ್ಲಿರುವುದು ನಾವು ನೀವು ಉಸಿರಾಡುವ ಸಾಮಾನ್ಯ ಗಾಳಿ, ಒತ್ತಿ ತುಂಬಿದ್ದು, ಅಷ್ಟೆ. ಆ ಗಾಳಿಯನ್ನು ಬೇಕಾದಾಗ ಬೇಕಾದಷ್ಟೇ ಬಾಯಿಗೆ ಕೊಡುವ ಕವಾಟವನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಅನಿಲದಿಂದ ಓಡಿಸುತ್ತಿದ್ದ ಮೋಟಾರುಗಳಿಗೆಂದು ಗಾನ್ಯಾನ್ ಮಾಡಿದ್ದ ಕವಾಟವೇ ಅದರ ಮೂಲ. ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ಇಡೀ ವಾಯುಮಂಡಲದಷ್ಟು ಒತ್ತಡ ಮೈಮೇಲೆ ಹೊಸದಾಗಿ ಬಂದು ಕೂರುತ್ತದೆ. ಎಳೆಯ ಅಡಿಕೆ ಮರದ ತಲೆಯಿಂದ ಬುಡಕ್ಕೆ ಇಳಿದಷ್ಟೇ ದೂರ. ಅಷ್ಟರಲ್ಲಿ ಒತ್ತಡ ಇಮ್ಮಡಿ. ಕಿವಿಯ ತಮಟೆಗೆ ಅದು ಮೊದಲು ಗೊತ್ತಾಗುತ್ತದೆ. ಮೂಗು ಹಿಡಿದು ಮೆಲ್ಲನೆ ಊದಿ, ಒಳಗಿನ ಹೊರಗಿನ ಒತ್ತಡವನ್ನು ಸರಿದೂಗಿಸುತ್ತ ಇಳಿಯಬೇಕು. ನೆಗಡಿಯಾದವನಿಗೆ ಇದು ಸಾಧ್ಯವಾಗದು. ಹೀಗಾಗಿ ನೆಗಡಿಯಾದರೆ ಪ್ರಯಾಣ ರದ್ದೆಂದು ಮೊದಲೇ ಮಾತಾಗಿದೆ. ತರಬೇತಿಯಿಲ್ಲದೆ ಮೊದಲ ಬಾರಿಗೆ ಇಳಿಯುವವರನ್ನು ಶಿಕ್ಷಕನು ಕೈಹಿಡಿದು ಒಯ್ಯುತ್ತಾನೆ, 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ. ಈಜು ಬಾರದವರೂ ಹೀಗೆ ಇಳಿಯಬಹುದು. ನಾವು ಮೂವರೂ ಊರಿನ ಕೆರೆಯಲ್ಲಿ ಬಾಳೆಯ ದಿಂಡು ಕಟ್ಟಿಕೊಂಡು ಈಜು ಕಲಿತವರೇ.

ಎಲ್ಲಕ್ಕೂ ದೊಡ್ಡ ನಿಯಮವೊಂದಿದೆ: ಮೇಲೇರುವಾಗ ಉಸಿರು ಬಿಗಿಹಿಡಿಯಬಾರದು. ಹತ್ತು ಮೀಟರ್ ಆಳದಲ್ಲಿ ಎದೆ ತುಂಬಿಕೊಂಡ ಗಾಳಿ ನೀರಿನ ಮೇಲ್ಮೈಗೆ ಬರುವ ಹೊತ್ತಿಗೆ ಎರಡರಷ್ಟಾಗಿ ಹಿಗ್ಗಬೇಕು. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಶ್ವಾಸಕೋಶವನ್ನೇ ಹರಿಯುತ್ತದೆ.

ಈ ನಿಯಮವನ್ನು ವಿವರಿಸುತ್ತಿರುವಾಗಲೇ ನಮ್ಮ ಯೋಜನೆಯ ನಿಜವಾದ ಕಷ್ಟ ತಲೆಯೆತ್ತಿತು. ಮುಳುಗುವ ಮೊದಲು ಆರೋಗ್ಯದ ಪ್ರಶ್ನೆಗಳಿಗೆಲ್ಲ ಹೌದು ಇಲ್ಲವೆಂದು ಬರೆದು ರುಜು ಮಾಡಬೇಕಾದ ಕಾಗದವೊಂದುಂಟು. ಹೃದ್ರೋಗ, ಮೂರ್ಛೆ, ಕಿವಿಯ ಶಸ್ತ್ರಕ್ರಿಯೆ, ಉಬ್ಬಸ. ಭಾವನವರಿಗೆ ಬಾಲ್ಯದಿಂದಲೂ ಉಬ್ಬಸ. ಶ್ರಾವಣದ ಜಡಿಮಳೆಯಲ್ಲಿ ದಿಂಬನ್ನು ಗೋಡೆಗೊರಗಿಸಿ ಕೂತೇ ರಾತ್ರಿ ಕಳೆಯುವ ಅವರನ್ನು ನಾವೆಲ್ಲ ಕಂಡಿದ್ದೇವೆ. ಕಾಗದ ನೋಡಿದ ಅವರು, "ಡಿಸೆಂಬರಿನಲ್ಲಿ ನನಗೆ ಉಬ್ಬಸವಿಲ್ಲ. ಆದ್ದರಿಂದ ಇಲ್ಲವೆಂದು ಬರೆಯುವುದರಲ್ಲಿ ಸುಳ್ಳೇನೂ ಇಲ್ಲ" ಎಂದರು. ತಾಳಮದ್ದಳೆಯಲ್ಲಿ ನಲವತ್ತು ವರ್ಷ ಅರ್ಥ ಹೇಳಿದವರ ಜೊತೆ ವಾದಕ್ಕೆ ಇಳಿಯುವುದು ಸುಲಭವಲ್ಲ. ನಾನು ಸುಮ್ಮನಿದ್ದೆ. ಹುಡುಗಿ ಮಾತ್ರ ಬಿಡಲಿಲ್ಲ. "ದೊಡ್ಡಪ್ಪ, ಉಬ್ಬಸದಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ, ಅಲ್ಲವೆ? ಮೇಲೇರುವಾಗ ಹಿಗ್ಗಿದ ಗಾಳಿ ಹೊರಬರಲು ದಾರಿ ಸಿಗದೆ ಒಳಗೇ ಸಿಕ್ಕಿಕೊಂಡರೆ?" ಎಂದಳು. ಅವರು ಉತ್ತರ ಕೊಡದೆ ಕವಳದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮರುವಾರ ವೈದ್ಯರಲ್ಲಿಗೆ ಅವರೇ ಹೋಗಿಬಂದರು. ಉಬ್ಬಸವಿದ್ದವರೆಲ್ಲರೂ ಮುಳುಗಬಾರದೆಂದಿಲ್ಲವಂತೆ, ಉಸಿರಿನ ಪರೀಕ್ಷೆ ಮಾಡಿ ತಜ್ಞರು ಒಪ್ಪುವುದೂ ಉಂಟಂತೆ. ಇವರ ಪರೀಕ್ಷೆಯ ಫಲ ಒಪ್ಪುವಂತಿರಲಿಲ್ಲ. ಕೂಡಲೇ ಫೋನು ಮಾಡಿ, ದೋಣಿಯ ವರೆಗೆ ಬರಲು ತಮಗೆ ಯಾರ ಅಪ್ಪಣೆಯೂ ಬೇಕಿಲ್ಲವೆಂದು ತಿಳಿಸಿದರು. ಮಾತಿನಲ್ಲಿ ನಗೆಯಿತ್ತು. ಆದರೂ ಆ ವಾರ ನಾವು ಯಾರೂ ನೇತ್ರಾಣಿಯ ಪ್ರಸ್ತಾಪವನ್ನು ಮತ್ತೆ ಎತ್ತಲಿಲ್ಲ.

ಇಳಿಯುವ ವಿಚಾರ ಹೀಗಾಯಿತು. ಹತ್ತುವ ವಿಚಾರ ಹೇಳಬೇಕು. ಘಟ್ಟದ ಮೇಲಿನ ಕೇಳುಗರು ಇಲ್ಲಿ ಸ್ವಲ್ಪ ಕಿವಿಗೊಡಬೇಕೆಂದು ಬೇಡುತ್ತೇನೆ. ನೀರಿನಡಿಯಲ್ಲಿ ಒತ್ತಡದ ಗಾಳಿಯನ್ನು ಉಸಿರಾಡುವಾಗ ಅದರಲ್ಲಿನ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದಮೇಲೆ ಅದು ಮೆಲ್ಲನೆ ಉಸಿರಿನ ದಾರಿಯಿಂದ ಹೊರಹೋಗಬೇಕು. ಒತ್ತಡ ಅವಸರದಲ್ಲಿ ಇಳಿದರೆ ಗೋಲಿಸೋಡಾದ ಗೋಲಿಯನ್ನು ಒತ್ತಿದಂತೆಯೇ: ಕರಗಿದ್ದ ಅನಿಲ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಕೀಲುಗಳಲ್ಲಿ ಎದ್ದರೆ ನೋವು, ಬೆನ್ನುಹುರಿಯಲ್ಲಿ ಎದ್ದರೆ ಪಾರ್ಶ್ವವಾಯು. ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಬರಬೇಕೆಂದು ಮೊದಲು ಕೋಷ್ಟಕ ಕಟ್ಟಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು, 1908ರಲ್ಲಿ. ಪ್ರಯೋಗಕ್ಕೆ ಅವರು ಬಳಸಿದ್ದು ಆಡುಗಳನ್ನು. ಉಕ್ಕಿನ ಕೋಣೆಯಲ್ಲಿ ಆಡುಗಳನ್ನಿಟ್ಟು ಒತ್ತಡ ಏರಿಸಿ ಇಳಿಸಿ ನೋಡುವರು; ನೋವೆದ್ದ ಆಡು ಮುಂಗಾಲನ್ನು ನೆಲಕ್ಕೂರದೆ ಎತ್ತಿ ಹಿಡಿದು ನಿಲ್ಲುವುದು. ಇಂದು ಜಗತ್ತಿನಲ್ಲಿ ಮುಳುಗುವವರೆಲ್ಲ ಆ ಮೂಕಪ್ರಾಣಿಗಳ ಋಣದಲ್ಲಿದ್ದಾರೆ.

ಬೊನೇರಿಗೆ ಹೋಗುವವರಿಗೆ ಕೊಡುವ ಎಚ್ಚರಿಕೆಗಳಲ್ಲಿ ಮುಖ್ಯವಾದುದು, ಮುಳುಗಿದ ಬೆನ್ನಿಗೆ ವಿಮಾನ ಹತ್ತಬಾರದು ಎಂಬುದು. ಒಮ್ಮೆ ಇಳಿದವನು ಕಡಿಮೆಯೆಂದರೂ 12 ಗಂಟೆ, ಹಲವು ಸಲ ಇಳಿದವನು 18 ಗಂಟೆ ಕಾಯಬೇಕು. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗುವ ಭಯ. ಇದನ್ನು ಓದಿ ಹುಡುಗಿ, "ನೇತ್ರಾಣಿಯಲ್ಲಿ ಈ ಗೊಡವೆಯಿಲ್ಲ, ಸಂಜೆಯ ಬಸ್ಸಿಗೇ ಮನೆ ಸೇರಬಹುದು" ಎಂದಳು. ಇಲ್ಲಿಯೇ ನನಗೆ ಘಟ್ಟದ ನೆನಪಾಯಿತು. ವಿಮಾನಕ್ಕೂ ದೇವಿಮನೆ ಘಟ್ಟ ಹತ್ತುವ ಬಸ್ಸಿಗೂ ಇರುವುದು ಎತ್ತರದ ಅಂತರ ಮಾತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿನ ಊರುಗಳು. ಸುಮಾರು 300 ಮೀಟರ್ ದಾಟಿದ ಏರಿಕೆಯನ್ನೂ ಲೆಕ್ಕಕ್ಕೆ ಹಿಡಿಯುವ ಮುಳುಗುಕೋಷ್ಟಕಗಳಿವೆ. ಕರಾವಳಿಯವನು ಮುಳುಗಿ ಎದ್ದು ಮನೆಗೆ ಹೋಗಿ ಉಂಡು ಮಲಗಬಹುದು. ನಮ್ಮ ಮನೆಗಳು ಇರುವುದೇ ಕೋಷ್ಟಕದ ಆಚೆಗೆ. ಬೆಂಗಳೂರಿಗೆ ಅದೇ ರಾತ್ರಿ ಹೊರಡುವವರು ಇನ್ನೂ ಮೇಲೆ, 900 ಮೀಟರಿಗೆ ಏರುತ್ತಾರೆ. ಕಡಿಮೆ ಆಳದಲ್ಲಿ ಅರ್ಧ ಗಂಟೆ ಇದ್ದು ಬಂದವನಿಗೆ ಅಪಾಯ ಅಲ್ಪವೆಂಬುದು ನಿಜ. ಹುಡುಗಿಗೆ ತರಬೇತಿಯಾಗಿದೆ, ಅವಳು 18 ಮೀಟರ್ ವರೆಗೆ, ಅದೂ ಎರಡು ಸಲ ಇಳಿಯುವವಳು. ಅವಳ ಲೆಕ್ಕ ಬೇರೆಯೇ ಆಗುತ್ತದೆ. ಹೀಗಾಗಿ ಆ ರಾತ್ರಿ ಮುರುಡೇಶ್ವರದಲ್ಲಿಯೇ ತಂಗಿ, ಮರುದಿನ ಊಟವಾದಮೇಲೆ ಘಟ್ಟ ಹತ್ತುವುದೆಂದು ತೀರ್ಮಾನವಾಯಿತು. ದೋಣಿ ಗೊತ್ತುಮಾಡುವಾಗ ಕೇಳಬೇಕಾದ ಪ್ರಶ್ನೆಯೊಂದನ್ನೂ ಬರೆದಿಟ್ಟುಕೊಂಡಿದ್ದೇವೆ: ಆಪತ್ತಿಗೆಂದು ನಿಜವಾದ ಪ್ರಾಣವಾಯುವಿನ ಸಿಲಿಂಡರ್ ದೋಣಿಯಲ್ಲಿದೆಯೆ? ಉತ್ತರ ತಡವರಿಸಿದರೆ ಬೇರೆ ದೋಣಿ.

ದಾರಿಯ ಮಾತು ಹೆಚ್ಚಿಲ್ಲ. ನಾನು ದೇವಿಮನೆ ಘಟ್ಟವಿಳಿದು ಕುಮಟೆಯ ಮೇಲೆ, ಯಲ್ಲಾಪುರದವಳು ಅರಬೈಲು ಘಟ್ಟವಿಳಿದು ಅಂಕೋಲೆಯ ಮೇಲೆ, ಭಾವನವರು ಮಾವಿನಗುಂಡಿಯಿಂದ ಗೇರುಸೊಪ್ಪೆಯ ಹಾದಿಯಾಗಿ. ಮೂವರೂ ಸೇರುವುದು ಹೊನ್ನಾವರದಲ್ಲಿ, ಶರಾವತಿಯ ದಡದಲ್ಲಿ.

ಹವಳದ ಬಗ್ಗೆ ಎರಡು ಮಾತು ಹೇಳದಿದ್ದರೆ ನೋಡಲು ಹೋಗುವುದನ್ನೇ ಮರೆತಂತಾದೀತು. ಹವಳವು ಕಲ್ಲಿನಂತೆ ಕಾಣುವ ಪ್ರಾಣಿ. ಸುಣ್ಣದ ಮನೆ ಕಟ್ಟಿಕೊಂಡ ಸಣ್ಣ ಜೀವಿಗಳ ಊರು ಅದು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ಅನ್ನ ಮಾಡಿ ಕೊಡುತ್ತದೆ. ಕಡಲಿನ ಬಿಸಿ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ನಿಂತರೆ ಹವಳವು ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಹಸಿದು ಸಾಯುತ್ತದೆ. ಜಗತ್ತಿನ ಕಡಲುಗಳಲ್ಲೆಲ್ಲ ನಾಲ್ಕನೆಯ ಬಾರಿಗೆ ಹೀಗಾಗುತ್ತಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು. ಕೆರಿಬಿಯನ್ನಿನಲ್ಲಿ ಇನ್ನೊಂದು ಕಥೆ ನಡೆದಿದೆ. ಅಲ್ಲಿ ಹವಳದ ಮೇಲಿನ ಪಾಚಿಯನ್ನು ಮೇಯುತ್ತಿದ್ದುದು ಉದ್ದ ಮುಳ್ಳಿನ ಕರಿಯ ಕಡಲಕುಡಿಕೆ ಎಂಬ ಪ್ರಾಣಿ. 1983 ಮತ್ತು 84ರಲ್ಲಿ ರೋಗ ಬಿದ್ದು ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಸತ್ತವು. ಮೇಯುವವರಿಲ್ಲದೆ ಪಾಚಿ ಹಬ್ಬಿ ಹವಳದ ಊರುಗಳು ಹೂತುಹೋದವು. ನಮ್ಮ ನೇತ್ರಾಣಿಯ ಚಿಂತೆ ಇದಕ್ಕೆ ತಿರುಗುಮುರುಗು: ಇಲ್ಲಿ ಮೇಯುವವು ನೆಲದ ಮೇಲಿವೆ. ಹರಕೆಯ ಆಡುಗಳು ಹಸಿರನ್ನು ಬೋಳಿಸಿದಲ್ಲಿ ಮಳೆಗೆ ಮಣ್ಣು ತೊಳೆದು ಕೆಳಗಿನ ಹವಳದ ಮೇಲೆ ಕೂರುವ ಸಂಭವವಿದೆ. ಹರಕೆ ಹೊತ್ತವನ ಭಯಭಕ್ತಿಯನ್ನು ನಾನು ಅಲ್ಲಗಳೆಯಲಾರೆ; ಬಿರುಗಾಳಿಗೆ ಸಿಕ್ಕವನು ಏನನ್ನಾದರೂ ಮುಡಿಪಿಟ್ಟಾನು.

ಹುಡುಗಿ ಗಾಜಿನ ಕಪಾಟಿಗೆಂದು ಒಂದು ಚೂರು ಹವಳ ತರಬಹುದೆ ಎಂದು ನೆರೆಮನೆಯವರೊಬ್ಬರು ಕೇಳಿದ್ದಾರೆ. 2001ರಿಂದ ಹವಳವೂ ತಿಮಿಂಗಿಲ ಶಾರ್ಕೂ ನಮ್ಮ ವನ್ಯಜೀವಿ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ, ಹುಲಿಯ ಪಂಕ್ತಿಯಲ್ಲಿ ಕುಳಿತಿವೆ. ತರುವುದಿರಲಿ, ಮುಟ್ಟುವುದೂ ಇಲ್ಲ. ಕೈಚೀಲ ಬೇಡವೆಂದು ಹುಡುಗಿಯ ಅಪ್ಪಣೆ. ಕೈಗೆ ರಕ್ಷಣೆಯಿದ್ದರೆ ಏನನ್ನಾದರೂ ಹಿಡಿಯುವ ಚಪಲ ಹುಟ್ಟುತ್ತದಂತೆ. ದೋಣಿ ಲಂಗರು ಬಿಡುವುದು ಎಲ್ಲಿ, ಹವಳದ ಮೇಲೋ ಮರಳಿನ ಮೇಲೋ ಎಂಬ ಪ್ರಶ್ನೆಯೂ ನಮ್ಮ ಪಟ್ಟಿಯಲ್ಲಿದೆ.

ಪಟ್ಟಿ ಈಗ ಪೂರ್ತಿಯಾಗಿದೆ. ಮುಂಜಾನೆ ಹಗುರವಾದ ಅವಲಕ್ಕಿ, ತೆರೆಯ ತಲೆಸುತ್ತಿಗೆ ಹಸಿಶುಂಠಿ, ಒಣಬಟ್ಟೆ, ಟೊಪ್ಪಿ. ಭಾವನವರ ಇನ್‌ಹೇಲರ್ ನನ್ನ ಚೀಲದಲ್ಲಿ, ಏಕೆಂದರೆ ಅವರು ಮರೆಯುತ್ತಾರೆ. ನಾವಿಬ್ಬರು ಕೆಳಗಿರುವಾಗ ದೋಣಿಯಲ್ಲಿ ಬೇಸರವಾಗದೆ ಎಂದು ನಾನು ಮೊನ್ನೆ ಅವರನ್ನು ಕೇಳಿದೆ. ದ್ವೀಪದ ಆಡುಗಳನ್ನು ಎಣಿಸುತ್ತ ಕೂರುವುದಾಗಿ ಹೇಳಿದರು; ನಾವು ಮೇಲೆ ಬಂದಮೇಲೆ ನಮ್ಮಿಬ್ಬರ ಮುಂಗಾಲುಗಳನ್ನೂ ಒಮ್ಮೆ ಪರೀಕ್ಷಿಸುತ್ತಾರಂತೆ.